ಕೈಯಲ್ಲಿ ಬಿಗಿದದ್ದು ಕೈಯಲ್ಲೇ ಬಿಚ್ಚಬೇಕು

ಕೃಷಿ ಪತ್ರಿಕೆಯಲ್ಲಿ ಬೀಜ, ಗೊಬ್ಬರ, ರೋಗ, ಬೆಲೆ ಇವುಗಳ ಬಗ್ಗೆ ಬರೆಯುವುದು ರೂಢಿ. ನಾನು ಟ್ರ್ಯಾಕ್ಟರಿನ ಆಯಿಲ್ ಫಿಲ್ಟರ್ ಬಗ್ಗೆ ಬರೆಯುತ್ತಿದ್ದೇನೆ. ಇದೇನು ಮೆಕ್ಯಾನಿಕ್ಕಿನ ವಿಷಯ ಎಂದು ಕೆಲವರು ಪುಟ ಮಗುಚಬಹುದು. ಆದರೆ ಅಂಗೈಯಗಲದ ಆ ಡಬ್ಬದ ದೆಸೆಯಿಂದ ಒಂದು ವರ್ಷ ನಮ್ಮ ಮನೆಯಲ್ಲಿ ರಾಗಿ ಕೊಂಡು ತಿಂದೆವು. ರಾಗಿ ಬೆಳೆಯುವವನು ಅಂಗಡಿಯಲ್ಲಿ ರಾಗಿ ಕೊಂಡರೆ ಹೇಗಿರುತ್ತದೆ ಅನ್ನುವುದು ಖುಷ್ಕಿ ಭೂಮಿಯವರಿಗೆ ಗೊತ್ತು. ಹಾಗಾಗಿ ಇದು ಬೇಸಾಯದ ವಿಷಯವೇ.

ನಮ್ಮ ಉಯ್ಯಂಬಳ್ಳಿ ಕಡೆ ಜಮೀನು ಬಹುಪಾಲು ಮಳೆ ನಂಬಿದ್ದು. ಕೆಮ್ಮಣ್ಣು, ಕಲ್ಲು, ಇಳಿಜಾರು. ಮಳೆ ಬಿದ್ದರೆ ಎರಡು ದಿನ, ಹೆಚ್ಚೆಂದರೆ ಮೂರು ದಿನ ಹದ ನಿಲ್ಲುತ್ತದೆ. ಗಾಳಿ ಬೀಸಿದರೆ ಅದೂ ಇಲ್ಲ. ಆ ಹದದಲ್ಲಿ ಬಿತ್ತನೆ ಮುಗಿದರೆ ಮುಗಿಯಿತು, ಇಲ್ಲದಿದ್ದರೆ ಮುಂದಿನ ಮಳೆಗೆ ಮುಖ ಮೇಲೆ ಮಾಡಿ ಕೂರಬೇಕು. ಎತ್ತು ಇದ್ದಾಗ ನಸುಕಿಗೆ ಎದ್ದು ಆರು ಕಟ್ಟಿಬಿಡುತ್ತಿದ್ದೆವು. ಎತ್ತು ಮಾರಿ, ನಾನೂ ನನ್ನ ತಮ್ಮನೂ ಸೇರಿ ಒಂದು ಹಳೇ ಟ್ರ್ಯಾಕ್ಟರು ತಂದ ಮೇಲೆ ಎಲ್ಲ ಅದನ್ನೇ ನಂಬಿದ್ದು.

2018ರ ಆಷಾಢದ ಕೊನೆಯಲ್ಲಿ ಒಂದು ಒಳ್ಳೇ ಮಳೆ ಆಯಿತು. ಮಾರನೆಯ ದಿನ ಸಂಜೆಗೆ ಹದ ಬರುತ್ತದೆ ಎಂದು ಲೆಕ್ಕ ಹಾಕಿ, ಬೆಳಗ್ಗೆ ಬಿಡುವಿದೆಯಲ್ಲ, ಆಯಿಲ್ ಬದಲಾಯಿಸಿಬಿಡೋಣ ಎಂದುಕೊಂಡೆ. ಹೊಸ ಆಯಿಲೂ ಹೊಸ ಫಿಲ್ಟರೂ ಮನೆಯಲ್ಲಿ ತಿಂಗಳಿಂದ ಬಿದ್ದಿದ್ದವು. ಕೆಳಗಿನ ಬೋಲ್ಟು ಬಿಚ್ಚಿ ಹಳೇ ಆಯಿಲನ್ನೆಲ್ಲಾ ಬಾಂಡ್ಲಿಗೆ ಇಳಿಸಿದೆ. ಆಮೇಲೆ ಫಿಲ್ಟರಿಗೆ ಕೈ ಹಾಕಿದೆ. ಅದು ಅಲುಗಲಿಲ್ಲ.

ನಾನು ತಿರುವಿದೆ, ತಮ್ಮ ತಿರುವಿದ, ಗಟ್ಟಿ ಆಳು ಅಂತ ಹೆಸರಾದ ನನ್ನ ಸೋದರಳಿಯ ಬಂದು ತಿರುವಿದ. ಆಯಿಲ್ ಕೈಗೆ ಜಾರುತ್ತದೆ, ಡಬ್ಬ ಇದ್ದ ಹಾಗೇ ಇದೆ. ಆಮೇಲೆ ಅಳಿಯ, "ಮಾವ, ಸ್ಕ್ರೂಡ್ರೈವರ್ ಹೊಡೆದು ತಿರುವಿದ್ರೆ ಬಂದ್ಬುಡ್ತದೆ, ಎಲ್ಲಾ ಹಂಗೇ ಮಾಡ್ತಾರೆ" ಅಂದ. ಡಬ್ಬದ ಹೊಟ್ಟೆಗೆ ಸುತ್ತಿಗೆಯಲ್ಲಿ ಸ್ಕ್ರೂಡ್ರೈವರ್ ಹೊಡೆದು ಆಚೆ ಬರಿಸಿ ಎಳೆದೆವು. ತಗಡು ಹಳೇ ಕಾಗದದ ಹಾಗೆ ಹರಿದುಕೊಂಡು ಬಂತು. ಡಬ್ಬದ ಅರ್ಧ ನಮ್ಮ ಕೈಯಲ್ಲಿ, ತಳದ ಬಿಲ್ಲೆ ಎಂಜಿನ್ನಿಗೆ ಕಚ್ಚಿಕೊಂಡೇ ಉಳಿಯಿತು.

ಈಗ ನೋಡಿ ಫಜೀತಿ. ಆಯಿಲ್ ಇಲ್ಲ, ಆದ್ದರಿಂದ ಟ್ರ್ಯಾಕ್ಟರು ಚಾಲೂ ಮಾಡುವಂತಿಲ್ಲ. ಹಳೇ ಫಿಲ್ಟರು ಹರಿದಿದೆ, ಆದ್ದರಿಂದ ಆಯಿಲ್ ತುಂಬುವಂತಿಲ್ಲ. ಹೊಸ ಫಿಲ್ಟರು ಕೈಯಲ್ಲೇ ಇದೆ, ಹಾಕಲು ಜಾಗವಿಲ್ಲ. ಮೆಕ್ಯಾನಿಕ್ಕಿಗೆ ಫೋನ್ ಮಾಡಿದರೆ, ಬಿತ್ತನೆ ಕಾಲ, ಅವನಿಗೂ ಹತ್ತು ಕಡೆ ಕರೆ. ಬಾಡಿಗೆ ಟ್ರ್ಯಾಕ್ಟರು ಕೇಳಿದರೆ ಎಲ್ಲರಿಗೂ ಅದೇ ಎರಡು ದಿನದ ಹದ, ಯಾರು ಬಿಟ್ಟು ಬರುತ್ತಾರೆ? ಮೂರನೆಯ ದಿನ ಮಧ್ಯಾಹ್ನ ಪಕ್ಕದ ಹಳ್ಳಿಯ ಒಬ್ಬ ಹಳೇ ಲಾರಿ ಡ್ರೈವರು ಬಂದ. ತಳದ ಬಿಲ್ಲೆಯಲ್ಲಿ ನಡುವಿನ ತೂತಿನ ಸುತ್ತ ಸಣ್ಣ ಸಣ್ಣ ತೂತುಗಳಿರುತ್ತವೆ. ಅದರಲ್ಲಿ ಒಂದಕ್ಕೆ ಮೊಂಡು ಉಳಿಯ ತುದಿ ಓರೆಯಾಗಿ ಕೊಟ್ಟು ಬಿಚ್ಚುವ ದಿಕ್ಕಿಗೆ ಮೆಲ್ಲಗೆ ತಟ್ಟಿದ. ಒಂದು ತೂತಿಗೆ ನಾಲ್ಕು ಏಟು, ಆಚೆ ಬದಿಯ ತೂತಿಗೆ ನಾಲ್ಕು ಏಟು. ಬೀಡಿ ಸೇದಿ ಮುಗಿಸುವಷ್ಟರಲ್ಲಿ ಬಿಲ್ಲೆ ಕೈಗೆ ಬಂತು. "ಅಣ್ಣ, ಇದು ಬಲದ ಕೆಲಸ ಅಲ್ಲ ಕಣಣ್ಣ, ಹಿಡಿತದ ಕೆಲಸ" ಅಂದ.

ಅಷ್ಟರಲ್ಲಿ ಹೊಲದ ಮೇಲ್ಮಣ್ಣು ಹುಡಿಯಾಗಿತ್ತು. ಮತ್ತೊಂದು ಬಿತ್ತುವ ಮಳೆ ಬಂದದ್ದು ಒಂದು ತಿಂಗಳ ಮೇಲೆ. ರಾಗಿಯ ಕಾಲ ಮೀರಿತ್ತು. ಎರಡು ಎಕರೆಗೆ ಹುರುಳಿ ಚೆಲ್ಲಿ ಸುಮ್ಮನಾದೆವು. ಹುರುಳಿ ತಕ್ಕ ಮಟ್ಟಿಗೆ ಬಂತು, ಆದರೆ ಮನೆಗೆ ರಾಗಿ ಇಲ್ಲ, ಹಸುವಿಗೆ ರಾಗಿಹುಲ್ಲೂ ಇಲ್ಲ.

ಆ ಫಿಲ್ಟರು ಯಾಕೆ ಹಾಗೆ ಕಚ್ಚಿಕೊಂಡಿತ್ತು? ಹರಿದ ಡಬ್ಬದ ಮೇಲೆ ಚೈನ್ ಪಾನದ ಹಲ್ಲಿನ ಗುರುತುಗಳಿದ್ದವು. ಹಿಂದಿನ ಸಲ ಹಾಕಿದವನು ಪಾನ ಕೊಟ್ಟು ಬಿಗಿದಿದ್ದ. ರಬ್ಬರ್ ರಿಂಗಿಗೆ ಆಯಿಲ್ ಸವರಿರಲಿಲ್ಲ, ಅದು ಒಣಗಿ ಕಬ್ಬಿಣಕ್ಕೆ ಅಂಟಿತ್ತು. ಅವನನ್ನು ಬೈಯಬೇಕು ಅಂದುಕೊಂಡೆ. ಆಮೇಲೆ ನೆನಪಾಯಿತು, ಆವತ್ತು ಪಕ್ಕದಲ್ಲಿ ನಿಂತು, "ಚೆನ್ನಾಗಿ ಬಿಗಿ ಮಾಡಪ್ಪ, ಸೋರಬಾರದು" ಎಂದು ಹೇಳಿದ್ದು ನಾನೇ. ಗಿರಾಕಿಯ ಮಾತು ಅವನು ನಡೆಸಿದ. ತಪ್ಪು ಅರ್ಧ ಅವನದು, ಅರ್ಧ ನನ್ನದು.

ನನ್ನ ಮೊದಲ ಮಾತು ಇದೇ. ಬಿಗಿ ಹೆಚ್ಚಾದಷ್ಟೂ ಭದ್ರ ಅನ್ನುವ ನಮ್ಮ ನಂಬಿಕೆ ತಪ್ಪು. ನೇಗಿಲಿಗೆ, ಗಾಡಿಯ ಅಚ್ಚಿಗೆ ಅದು ಸರಿ ಇರಬಹುದು. ಫಿಲ್ಟರಿನಲ್ಲಿ ಸೋರಿಕೆ ತಡೆಯುವುದು ರಬ್ಬರ್ ರಿಂಗು, ತಗಡಲ್ಲ. ರಿಂಗು ಎಂಜಿನ್ನಿಗೆ ತಾಗಿದ ಮೇಲೆ ಸಾಮಾನ್ಯವಾಗಿ ಮುಕ್ಕಾಲು ಸುತ್ತು, ಅದೂ ಬರಿಗೈಯಲ್ಲಿ, ಅಷ್ಟೇ ಬೇಕಾದದ್ದು. ಎಷ್ಟು ಸುತ್ತು ಎಂದು ಹಲವು ಫಿಲ್ಟರುಗಳ ಡಬ್ಬದ ಮೇಲೆಯೇ ಬರೆದಿರುತ್ತದೆ. ಅದಕ್ಕಿಂತ ಹೆಚ್ಚು ಬಿಗಿದರೆ ರಿಂಗು ಜಜ್ಜಿಹೋಗುತ್ತದೆ, ಸೋರಿಕೆ ನಿಲ್ಲುವ ಬದಲು ಶುರುವಾಗಬಹುದು. ಕೈಯಲ್ಲಿ ಬಿಗಿದದ್ದು ಮುಂದಿನ ಸಲ ಕೈಯಲ್ಲೇ ಬಿಚ್ಚುತ್ತದೆ, ಹೆಚ್ಚೆಂದರೆ ಒಂದು ಪಟ್ಟಿ ಸುತ್ತಬೇಕಾಗುತ್ತದೆ. ಪಾನದಲ್ಲಿ ಬಿಗಿದದ್ದಕ್ಕೆ ಮುಂದೆ ಸುತ್ತಿಗೆ ಬೇಕಾಗುತ್ತದೆ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಎರಡನೆಯದು, ಕೆಲಸದ ಕ್ರಮ. ನಾನು ಮಾಡಿದ ದೊಡ್ಡ ತಪ್ಪು ಸ್ಕ್ರೂಡ್ರೈವರ್ ಹೊಡೆದದ್ದಲ್ಲ, ಮೊದಲು ಆಯಿಲ್ ಇಳಿಸಿದ್ದು. ಆಯಿಲ್ ಇನ್ನೂ ಒಳಗಿರುವಾಗಲೇ ಫಿಲ್ಟರು ಅಲುಗುತ್ತದೆಯೇ ಎಂದು ನೋಡಬೇಕು. ಅಲುಗಿದರೆ ಮತ್ತೆ ಕೈಯಲ್ಲಿ ಕೂರಿಸಿ, ಆಮೇಲೆ ಕೆಳಗಿನ ಬೋಲ್ಟಿಗೆ ಹೋಗಬೇಕು. ಅಲುಗದಿದ್ದರೆ ಆವತ್ತು ಬಿಟ್ಟುಬಿಡಬೇಕು. ಆಯಿಲ್ ಇದೆ, ಡಬ್ಬ ಹರಿದಿಲ್ಲ, ಟ್ರ್ಯಾಕ್ಟರು ಓಡುತ್ತದೆ. ಹದ ಮುಗಿಸಿಕೊಂಡು ನಿಧಾನವಾಗಿ ನೋಡಬಹುದು. ಅಷ್ಟು ತಿಳಿದಿದ್ದರೆ ಆ ವರ್ಷ ನನ್ನ ಎರಡು ಎಕರೆ ರಾಗಿ ಉಳಿಯುತ್ತಿತ್ತು.

ಮೂರನೆಯದು, ಕಾಲ. ಮಳೆ ಬಿದ್ದ ಮಾರನೆಯ ದಿನ ಎಂಜಿನ್ ಬಿಚ್ಚುವುದು ಮದುವೆಯ ದಿನ ಒಲೆ ಹಾಕಲು ಮಣ್ಣು ಕಲೆಸಿದ ಹಾಗೆ. ಯುಗಾದಿ ಕಳೆದ ಮೇಲೆ, ಮುಂಗಾರು ಉಳುಮೆ ಶುರುವಾಗುವ ಮುಂಚೆ ಇದನ್ನೆಲ್ಲಾ ಮುಗಿಸಬೇಕು. ಈಗಿನ ಬಹಳ ಟ್ರ್ಯಾಕ್ಟರುಗಳ ಪುಸ್ತಕದಲ್ಲಿ ಮೊದಲ ಬದಲಾವಣೆ 50 ಗಂಟೆಗೆ, ಆಮೇಲೆ 250 ಗಂಟೆಗೊಮ್ಮೆ ಎಂದಿದೆ. ಕೆಲವಕ್ಕೆ ಬೇರೆ ಲೆಕ್ಕ, ನಿಮ್ಮ ಪುಸ್ತಕ ನೋಡಿಕೊಳ್ಳಿ. ನಮ್ಮಂಥ ಸಣ್ಣ ಹಿಡುವಳಿಯವರಿಗೆ ವರ್ಷಕ್ಕೆ ಅಷ್ಟು ಗಂಟೆ ಆಗದಿರಬಹುದು. ಆದರೂ ವರ್ಷಕ್ಕೊಮ್ಮೆ ಬದಲಾಯಿಸುವುದು ಒಳ್ಳೆಯದು. ಫಿಲ್ಟರು ವರ್ಷಗಟ್ಟಲೆ ಕೂತರೆ ರಬ್ಬರು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ.

ಫಿಲ್ಟರಿನ ಕೆಲಸ ಏನು ಎಂದು ತಿಳಿಯದವರು ನಮ್ಮಲ್ಲಿ ಇನ್ನೂ ಇದ್ದಾರೆ. ಎಂಜಿನ್ನಿನೊಳಗೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಏಳುವ ಪುಡಿ, ಡೀಸೆಲ್ ಉರಿದ ಮಸಿ, ಹೊಲದ ಧೂಳು ಇವೆಲ್ಲಾ ಆಯಿಲಿಗೆ ಸೇರುತ್ತವೆ. ಡೇರಿಯಲ್ಲಿ ಹಾಲು ಸೋಸುವ ಬಟ್ಟೆಯ ಹಾಗೆ ಫಿಲ್ಟರಿನ ಕಾಗದ ಅದನ್ನು ಹಿಡಿದಿಡುತ್ತದೆ. 1920ರ ದಶಕದಲ್ಲಿ ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲೆಂಡ್ ಎಂಬಾತ ಮೋಟಾರು ಗಾಡಿಗೆ ಇಂಥದೊಂದನ್ನು ಮಾಡಿ ಕೂರಿಸಿದ. ಕಾಗದ ಕಟ್ಟಿಕೊಂಡರೆ ಆಯಿಲ್ ನಿಂತುಹೋಗಿ ಎಂಜಿನ್ ಹಿಡಿಯಬಾರದೆಂದು ಅಡ್ಡದಾರಿಯ ಒಂದು ವಾಲ್ವು ಇರುತ್ತದೆ. ಅದು ತೆರೆದರೆ ಆಯಿಲ್ ಸೋಸದೆಯೇ ಓಡುತ್ತದೆ. ಗಾಡಿ ಓಡುತ್ತಿದೆಯಲ್ಲ ಎಂದು ನಾವು ಸುಮ್ಮನಿರುತ್ತೇವೆ, ಒಳಗೆ ಬೇರಿಂಗು ಸವೆಯುತ್ತಿರುತ್ತದೆ. ಆಯಿಲ್ ಮಾತ್ರ ಬದಲಾಯಿಸಿ ಫಿಲ್ಟರು ಬಿಡುವುದು, ಸ್ನಾನ ಮಾಡಿ ಹಳೇ ಬಟ್ಟೆಯನ್ನೇ ಉಟ್ಟ ಹಾಗೆ. ಫಿಲ್ಟರಿನ ಬೆಲೆ ಒಂದು ಆಳಿನ ಒಂದು ದಿನದ ಕೂಲಿಯ ಆಚೀಚೆ. ಎಂಜಿನ್ ಬಿಚ್ಚಿಸಿದರೆ ಹಸು ಮಾರಬೇಕಾಗುತ್ತದೆ.

ಆ ವರ್ಷದಿಂದೀಚೆಗೆ ನಾನು ಮಾಡುತ್ತಿರುವ ಕ್ರಮವನ್ನು ಹೇಳುತ್ತೇನೆ. ತಿಳಿದವರು ತಿದ್ದಿ.

ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡುತ್ತೇನೆ. ಎಂಜಿನ್ ಐದು ನಿಮಿಷ ಓಡಿಸಿ ಆರಿಸಿ, ಕೀಲಿ ಜೇಬಿಗೆ ಹಾಕಿಕೊಳ್ಳುತ್ತೇನೆ. ಬೆಚ್ಚಗಿದ್ದರೆ ಆಯಿಲೂ ಇಳಿಯುತ್ತದೆ, ರಬ್ಬರೂ ಸಡಿಲವಾಗುತ್ತದೆ. ಕೆಲಸ ಮುಗಿಸಿ ಬಂದ ಸುಡುವ ಎಂಜಿನ್ನಿಗೆ ಮಾತ್ರ ಕೈ ಹಾಕಬಾರದು, ಕೈ ಬೊಬ್ಬೆ ಏಳುತ್ತದೆ. ಫಿಲ್ಟರನ್ನು ಒಣ ಬಟ್ಟೆಯಲ್ಲಿ ಜಿಡ್ಡು ಹೋಗುವಂತೆ ಒರೆಸಬೇಕು. ಡಬ್ಬದ ತಳ ನಮ್ಮ ಮುಖಕ್ಕೆ ಎದುರಾಗಿ ಕಾಣುವ ಹಾಗೆ ಕೂತು, ಬಾಟಲಿ ಮುಚ್ಚಳ ಬಿಚ್ಚುವಂತೆ ಎಡಕ್ಕೆ ತಿರುಗಿಸಬೇಕು. ಇದನ್ನು ಯಾಕೆ ಹೇಳುತ್ತೇನೆಂದರೆ, ಎಂಜಿನ್ನಿನ ಬದಿಯಲ್ಲಿ, ತಲೆಕೆಳಗಾಗಿ ಇರುವುದರಿಂದ ಎಡ ಬಲ ಗೊಂದಲವಾಗಿ ಬಿಚ್ಚುವ ಬದಲು ಬಿಗಿ ಮಾಡಿದವರನ್ನು ನೋಡಿದ್ದೇನೆ.

ಬರಿಗೈಗೆ ಬಾರದಿದ್ದರೆ ಉಪ್ಪುಕಾಗದವನ್ನು ಒರಟು ಮುಖ ಒಳಗಾಗಿ ಡಬ್ಬಕ್ಕೆ ಸುತ್ತಿ ಹಿಡಿದು ತಿರುಗಿಸಿ. ಅರ್ಧ ಫಿಲ್ಟರುಗಳು ಇದಕ್ಕೇ ಬರುತ್ತವೆ. ಅದಕ್ಕೂ ಬಗ್ಗದಿದ್ದರೆ ಹಳೇ ಬೆಲ್ಟೋ ಸೈಕಲ್ ಟ್ಯೂಬೋ ಸುತ್ತಿ, ಅದರ ಕುಣಿಕೆಗೆ ಒಂದು ಸಲಾಕೆ ಕೊಟ್ಟು, ಹುಲ್ಲಿನ ಗಾಡಿಗೆ ಹಗ್ಗ ಹಾಕಿ ಕೋಲಿನಲ್ಲಿ ತಿರುವುತ್ತೇವಲ್ಲ ಹಾಗೆ ಬಿಗಿಸಿ ಎಡಕ್ಕೆ ಎಳೆಯಬೇಕು. ಪಟ್ಟಿ ಎಂಜಿನ್ನಿನ ಕಡೆಗೆ, ಡಬ್ಬದ ಬುಡದಲ್ಲಿ ಇರಲಿ. ಅಲ್ಲಿ ಒಳಗೆ ದಪ್ಪ ಬಿಲ್ಲೆಯ ಆಸರೆ ಇದೆ, ತುದಿಯಲ್ಲಿ ಬರೀ ತಗಡು, ಹಿಸುಕಿದರೆ ನೆಗ್ಗುತ್ತದೆ. ಫಿಲ್ಟರ್ ಬಿಚ್ಚುವ ಪಟ್ಟಿ ಪಾನ, ಚೈನ್ ಪಾನ ಅಂಗಡಿಯಲ್ಲಿ ಸಿಗುತ್ತವೆ. ನಾಲ್ಕು ಮನೆಯವರು ಸೇರಿ ಒಂದು ತಂದರೂ ಸಾಕು. ಆದರೆ ಅದು ಬಿಚ್ಚುವುದಕ್ಕೆ ಮಾತ್ರ, ಬಿಗಿಯುವುದಕ್ಕಲ್ಲ. ಸ್ಕ್ರೂಡ್ರೈವರ್ ಹೊಡೆಯುವುದು ಕಟ್ಟಕಡೆಯದು. ನನ್ನನ್ನು ಕೇಳಿದರೆ ಬೇಡವೇ ಬೇಡ.

ಬಿಚ್ಚಿದ ಮೇಲೆ ಹಳೇ ಫಿಲ್ಟರನ್ನು ತಿರುಗಿಸಿ ನೋಡಿ, ರಬ್ಬರ್ ರಿಂಗು ಅದರ ಜೊತೆಗೇ ಬಂದಿದೆಯೇ ಎಂದು. ಕೆಲವು ಸಲ ಅದು ಎಂಜಿನ್ನಿಗೇ ಅಂಟಿ ಉಳಿಯುತ್ತದೆ. ಅದರ ಮೇಲೆ ಹೊಸದನ್ನು ಕೂರಿಸಿದರೆ ರಿಂಗಿನ ಮೇಲೆ ರಿಂಗು ಆಗಿ, ಆಯಿಲಿನ ಒತ್ತಡಕ್ಕೆ ಜಾರಿ, ನೋಡುತ್ತಿದ್ದಂತೆ ಆಯಿಲೆಲ್ಲಾ ಹೊಲದ ಪಾಲಾಗುತ್ತದೆ. ಗಮನಿಸದಿದ್ದರೆ ಎಂಜಿನ್ ಹಿಡಿಯುತ್ತದೆ. ಕೂರುವ ಜಾಗವನ್ನು ಒರೆಸಿ, ಹೊಸ ರಿಂಗಿಗೆ ಬೆರಳಿನಲ್ಲಿ ಹೊಸ ಆಯಿಲ್ ಸವರಿ, ಥ್ರೆಡ್ಡು ಓರೆಯಾಗದಂತೆ ಕೂರಿಸಿ, ಕೈಯಲ್ಲೇ ಬಿಗಿ ಮಾಡಿ. ಕೆಳಗಿನ ಬೋಲ್ಟು, ವಾಷರ್ ಹಾಕಿ, ಪುಸ್ತಕದಲ್ಲಿ ಹೇಳಿದ ಗ್ರೇಡಿನ ಆಯಿಲನ್ನು ಹೇಳಿದಷ್ಟೇ ತುಂಬಿ. ಎಂಜಿನ್ ಚಾಲೂ ಮಾಡಿ ರೇಸ್ ಕೊಡದೆ ಬಿಡಿ. ಆಯಿಲ್ ದೀಪ ಆರಿತೇ, ಫಿಲ್ಟರಿನ ಬುಡ ಒಣಗಿದೆಯೇ ನೋಡಿ. ಆರಿಸಿ, ಐದು ಹತ್ತು ನಿಮಿಷ ಬಿಟ್ಟು ಗೇಜ್ ಕಡ್ಡಿ ನೋಡಿ, ಕಡಿಮೆ ಇದ್ದಷ್ಟು ತುಂಬಿ. ಕೊನೆಗೆ ಡಬ್ಬದ ಮೇಲೆ ಬಣ್ಣದಲ್ಲಿ ತಾರೀಕು, ಮೀಟರಿನ ಗಂಟೆ ಬರೆಯಿರಿ. ಮೀಟರು ಸತ್ತ ಹಳೇ ಟ್ರ್ಯಾಕ್ಟರಾದರೆ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಇನ್ನೂ ಹಳೇ ಮಾದರಿಗಳಲ್ಲಿ ಡಬ್ಬದ ಬದಲು ಬಟ್ಟಲಿನೊಳಗೆ ಬಿಡಿ ಎಲಿಮೆಂಟು ಇರುತ್ತದೆ. ಅದಕ್ಕೆ ಬೋಲ್ಟು ಇದೆ, ಕ್ರಮ ಬೇರೆ, ಆದರೆ ರಿಂಗಿನ ಎಚ್ಚರ ಅದೇ.

ಇನ್ನು ಹಳೇ ಆಯಿಲಿನ ವಿಷಯ. ಇದರಲ್ಲೂ ನಾನು ತಪ್ಪು ಮಾಡಿದವನೇ. ಬೇಲಿ ಬದಿಯ ಚರಂಡಿಗೆ ಸುರಿಯುತ್ತಿದ್ದೆ. ಹಿಪ್ಪುನೇರಳೆ ತೋಟ ಇರುವವರು, ಬಾವಿ ಇರುವವರು ಒಮ್ಮೆ ಯೋಚಿಸಿ. ಮಳೆ ನೀರಿನ ಜೊತೆ ಅದು ಎಲ್ಲಿಗೆ ಹೋಗುತ್ತದೆ? ನಮ್ಮ ಇಳಿಜಾರಿನ ನೀರೆಲ್ಲಾ ಹಳ್ಳ ಹಿಡಿದು ಕಾವೇರಿಗೇ ಸೇರುವುದು. ದನದ ಉಣ್ಣೆಗೆ, ಗಾಯಕ್ಕೆ ಹಳೇ ಆಯಿಲ್ ಹಚ್ಚುವ ಅಭ್ಯಾಸವೂ ಇದೆ. ಹಸು ಮೈ ನೆಕ್ಕುತ್ತದೆ, ಅದರ ಹಾಲನ್ನು ನಾವೇ ಕುಡಿಯುತ್ತೇವೆ. ಅದನ್ನು ಬಿಡಬೇಕು. 2016ರ ಕೇಂದ್ರ ನಿಯಮದಲ್ಲಿ ಬಳಸಿದ ಆಯಿಲನ್ನು ಅಪಾಯಕಾರಿ ತ್ಯಾಜ್ಯದ ಪಟ್ಟಿಗೆ ಸೇರಿಸಿದ್ದಾರೆ. 2024ರ ಏಪ್ರಿಲ್ 1ರಿಂದ ಆಯಿಲ್ ತಯಾರಿಸಿ ಮಾರುವವರ ಮೇಲೆಯೇ ಹಳೇ ಆಯಿಲ್ ಮರುಬಳಕೆಯಾಗುವಂತೆ ನೋಡಿಕೊಳ್ಳುವ ಹೊಣೆ ಹಾಕಿದ್ದಾರೆ. ಒಳ್ಳೆಯದೇ. ಆದರೆ ಆ ಹೊಣೆ ಹೈವೇಯ ಗ್ಯಾರೇಜಿನಲ್ಲಿ ನಿಲ್ಲಬಾರದು. ನಾವು ಗೊಬ್ಬರ ತರುವ ಸೊಸೈಟಿಯಲ್ಲಿ ಒಂದು ಮುಚ್ಚಳದ ಡ್ರಮ್ಮು ಇಟ್ಟರೆ ಹೋಬಳಿಯ ಹಳೇ ಆಯಿಲೆಲ್ಲಾ ಅಲ್ಲಿಗೆ ಬರುತ್ತದೆ. ಅಲ್ಲಿಯವರೆಗೆ ನಾನು ಹಳೇ ಕ್ಯಾನಿಗೆ ತುಂಬಿಟ್ಟು, ಫಿಲ್ಟರನ್ನು ಒಂದು ರಾತ್ರಿ ಬೋರಲು ಹಾಕಿ ಬಸಿದು, ಎರಡನ್ನೂ ಕನಕಪುರಕ್ಕೆ ಹೋದಾಗ ಹಳೇ ಆಯಿಲ್ ಕೊಳ್ಳುವವರಿಗೆ ಕೊಟ್ಟು ಬರುತ್ತೇನೆ.

ಇದನ್ನೆಲ್ಲಾ ಕೇಳಿ ನನ್ನ ಅಳಿಯ, "ನಾಲ್ಕು ಕಾಸು ಬಿಸಾಕಿದ್ರೆ ಗ್ಯಾರೇಜಿನವನೇ ಮಾಡ್ತಾನೆ, ನಾವ್ಯಾಕೆ ಮಾವ ಕೈ ಮಸಿ ಮಾಡ್ಕೋಬೇಕು" ಅನ್ನುತ್ತಾನೆ. ಅವನ ಮಾತಲ್ಲೂ ಅರ್ಧ ನಿಜವಿದೆ. ಹೊಸ ಟ್ರ್ಯಾಕ್ಟರು ಗ್ಯಾರಂಟಿಯಲ್ಲಿ ಇರುವ ತನಕ ಕಂಪನಿಯ ಸರ್ವೀಸಿನಲ್ಲೇ ಮಾಡಿಸಿ, ರಸೀದಿ ಇಟ್ಟುಕೊಳ್ಳಿ. ಎಂಜಿನ್ ಬಿಚ್ಚುವ ಕೆಲಸ, ಪಂಪು, ನಾಝಲ್ ಇವು ಕಲಿತವರ ಕೆಲಸ. ಮೆಕ್ಯಾನಿಕ್ಕಿನ ಅನ್ನ ಕೀಳುವುದು ನನ್ನ ಉದ್ದೇಶವಲ್ಲ. ಆದರೆ ಆಯಿಲ್, ಫಿಲ್ಟರ್, ಗಾಳಿ ಫಿಲ್ಟರಿನ ಧೂಳು, ಬೆಲ್ಟು, ಗ್ರೀಸು ಇಷ್ಟನ್ನು ಸಾಗುವಳಿ ಮಾಡುವವನು ತಾನೇ ಮಾಡಬೇಕು. ನಮ್ಮ ಅಪ್ಪಂದಿರು ಗಾಡಿಗೆ ಕೀಲೆಣ್ಣೆ ಹಾಕಲು ಯಾರನ್ನೂ ಕರೆಯಲಿಲ್ಲ. ಕುಳ ತಟ್ಟಿಸಲು ಕುಲುಮೆಗೆ ಹೋಗುತ್ತಿದ್ದರು, ಆದರೆ ನೊಗ, ಮಿಣಿ, ಮೇಣಿ ತಾವೇ ನೋಡಿಕೊಳ್ಳುತ್ತಿದ್ದರು. ಎಲ್ಲಿಯವರೆಗೆ ತನ್ನ ಕೈ, ಎಲ್ಲಿಂದ ಕುಲುಮೆಯವನ ಕೈ ಎಂದು ಅವರಿಗೆ ಗೊತ್ತಿತ್ತು. ನಮಗೆ ಯಂತ್ರ ಬಂತು, ಆ ಗೆರೆ ಅಳಿಸಿಹೋಯಿತು. ಹದ ಕಾಯುವುದಿಲ್ಲ, ಆದರೆ ನಾವು ಮೆಕ್ಯಾನಿಕ್ಕಿಗೆ ಕಾಯುತ್ತೇವೆ.

ಇದು ನಮ್ಮೊಬ್ಬರದೇ ಪಾಡಲ್ಲ. ಅಮೆರಿಕದ ದೊಡ್ಡ ರೈತರೂ ತಮ್ಮ ಟ್ರ್ಯಾಕ್ಟರನ್ನು ತಾವೇ ರಿಪೇರಿ ಮಾಡಿಕೊಳ್ಳುವ ಹಕ್ಕಿಗೆ ಹೋರಾಡಿದ್ದಾರೆ. ಅಲ್ಲಿ ತೊಡಕು ಕಂಪ್ಯೂಟರಿನದು, ಕಂಪನಿಯವರು ಬಾರದೆ ಯಂತ್ರ ಬಿಚ್ಚಲಾಗದಂಥ ಸ್ಥಿತಿ. 2023ರ ಜನವರಿಯಲ್ಲಿ ಜಾನ್ ಡೀರ್ ಕಂಪನಿ ಅಲ್ಲಿನ ಫಾರ್ಮ್ ಬ್ಯೂರೋ ಎಂಬ ರೈತರ ಒಕ್ಕೂಟದ ಜೊತೆ ಈ ಬಗ್ಗೆ ಒಪ್ಪಂದ ಮಾಡಿಕೊಂಡಿತು. ಅದೇ ವರ್ಷ ಕೊಲೊರಾಡೋ ರಾಜ್ಯ ಕೃಷಿ ಯಂತ್ರಗಳ ರಿಪೇರಿ ಹಕ್ಕಿಗೆ ಕಾಯ್ದೆ ಮಾಡಿತು, 2024ರ ಜನವರಿ 1ರಿಂದ ಅದು ಜಾರಿಗೆ ಬಂತು. ನಮ್ಮಲ್ಲೂ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ರಿಪೇರಿ ಹಕ್ಕಿಗಾಗಿ ಒಂದು ಸಮಿತಿ ಮಾಡಿತು. ಅದು ಎತ್ತಿಕೊಂಡ ವಿಭಾಗಗಳಲ್ಲಿ ಕೃಷಿ ಉಪಕರಣವೂ ಒಂದು. ಹಕ್ಕು ಕಾಗದದಲ್ಲಿ ಬರಲಿ, ಸಂತೋಷ. ಆದರೆ ಒಂದು ಫಿಲ್ಟರು ಬಿಚ್ಚಲು ಬಾರದವನಿಗೆ ಆ ಹಕ್ಕು ಬಂದು ಏನು ಪ್ರಯೋಜನ?

ಆದ್ದರಿಂದ ನನ್ನ ಬೇಡಿಕೆಗಳು ಇವು. ಟ್ರ್ಯಾಕ್ಟರು, ಟಿಲ್ಲರು ಮಾರುವವರು ಕನ್ನಡದ ಪುಸ್ತಕ ಕೊಡಲಿ. ಪೂಜೆ ಮಾಡಿ ಕೀಲಿ ಕೊಡುವ ದಿನ, ಕೊಂಡವನ ಕೈಯಿಂದಲೇ ಒಮ್ಮೆ ಫಿಲ್ಟರು ಬಿಚ್ಚಿಸಿ ಹಾಕಿಸಲಿ. ಮೆಕ್ಯಾನಿಕ್ ಮಿತ್ರರು ಫಿಲ್ಟರನ್ನು ಕೈಯಲ್ಲೇ ಬಿಗಿದು ತಾರೀಕು ಬರೆಯಲಿ, ನಾವೂ ಪಕ್ಕದಲ್ಲಿ ನಿಂತು ಇನ್ನೂ ಬಿಗಿ ಎನ್ನದಿರೋಣ. ಯಂತ್ರ ಕಲಿಸಲು ಗಡಿಯಾಚೆ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರದ ಒಂದು ಸಂಸ್ಥೆಯೇ ಇದೆ. ಅಷ್ಟು ದೂರ ದನಕರು ಬಿಟ್ಟು ಹೋಗಲು ಸಣ್ಣ ರೈತನಿಂದ ಆಗುವುದಿಲ್ಲ. ಮಾಗಡಿ ತಾಲೂಕಿನ ಚಂದೂರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದವರೂ ಕೃಷಿ ಇಲಾಖೆಯವರೂ ಬೇಸಿಗೆಯಲ್ಲಿ ಹೋಬಳಿಗೊಂದು ದಿನ ಪಾನ ಹಿಡಿಸುವ ತರಬೇತಿ ಇಟ್ಟರೆ ದೊಡ್ಡ ಉಪಕಾರ. ಭಾಷಣ ಬೇಡ. ಒಂದು ಹಳೇ ಎಂಜಿನ್, ನಾಲ್ಕು ಕಚ್ಚಿಕೊಂಡ ಫಿಲ್ಟರು ತನ್ನಿ, ಸಾಕು. ಹೆಂಗಸರನ್ನೂ ಕರೆಯಿರಿ. ಹೊಲದಲ್ಲಿ ಯಂತ್ರ ನಿಂತಾಗ ಗಂಡಸು ಊರಲ್ಲಿ ಇರುತ್ತಾನೆಂಬ ಖಾತ್ರಿ ಈಗಿಲ್ಲ.

ಹೋದ ಯುಗಾದಿ ಮುಗಿದ ವಾರ ಆ ಅಳಿಯನ ಕೈಯಲ್ಲೇ ಫಿಲ್ಟರು ಬಿಚ್ಚಿಸಿದೆ. ಉಪ್ಪುಕಾಗದ ಸುತ್ತಿ ಒಂದೇ ತಿರುವಿಗೆ ಬಂತು. "ಇಷ್ಟೇನಾ ಮಾವ" ಅಂದ. ಇಷ್ಟೇ. ಆದರೆ ಈ ಇಷ್ಟಕ್ಕೆ ನಾನು ಒಂದು ವರ್ಷದ ರಾಗಿ ಕೊಟ್ಟು ಕಲಿತಿದ್ದೇನೆ. ನೀವು ಓದಿಯೇ ಕಲಿತರೆ ನಾನು ಬರೆದದ್ದು ಸಾರ್ಥಕ. ಇದಕ್ಕಿಂತ ಸುಲಭದ ಉಪಾಯ ಯಾರಿಗಾದರೂ ಗೊತ್ತಿದ್ದರೆ ಪತ್ರಿಕೆಗೆ ಬರೆಯಿರಿ. ಮುಂಗಾರಿಗೆ ಮುಂಚೆ ಬರೆದರೆ ಇನ್ನೂ ಒಳ್ಳೆಯದು.